ಹರಿದ ಕೋಳಿಗೆ ಸೂಜಿ ದಾರ ಬೇಡ

ನಾನು ಬಟ್ಟೆ ಹೊಲಿಯುವವಳು. ಕೊಪ್ಪದ ಹತ್ತಿರ ನಮ್ಮ ಮನೆ. ಜಗಲಿಯಲ್ಲಿ ಹೊಲಿಗೆ ಮಿಷನ್ನು, ಹಿತ್ತಲಲ್ಲಿ ಕೋಳಿ ಒಡ್ಡಿ. ಈಗ ಹದಿನಾಲ್ಕು ನಾಟಿ ಕೋಳಿಗಳಿವೆ, ಅದರಲ್ಲಿ ಎರಡು ಹುಂಜ. ಮಿಷನ್ ತುಳಿಯುತ್ತಾ ಕೂತರೂ ಒಂದು ಕಿವಿ ಹಿತ್ತಲ ಕಡೆಗೇ ಇರುತ್ತದೆ. ಮೊಟ್ಟೆ ಇಟ್ಟು ಕೂಗುವ ಸದ್ದೇ ಬೇರೆ, ಗಿಡುಗ ಕಂಡು ಕೂಗುವ ಸದ್ದೇ ಬೇರೆ, ನಾಯಿ ಬಾಯಿಗೆ ಸಿಕ್ಕಾಗಿನ ಸದ್ದೇ ಬೇರೆ. ಮೂರನೆಯದು ಕೇಳಿದರೆ ಅಳತೆ ಟೇಪು ಕುತ್ತಿಗೆಯಲ್ಲಿದ್ದ ಹಾಗೇ ಓಡುತ್ತೇನೆ.

ಹೋದ ಆಷಾಢದಲ್ಲಿ ಹಾಗೆ ಓಡಿದಾಗ ನಮ್ಮ ಹೆಣ್ಣು ಕೋಳಿ ಕೆಂಚಿ ಸಿಕ್ಕಿದ್ದು ಬಚ್ಚಲ ಹಿಂದಿನ ಸೌದೆ ರಾಶಿಯ ಸಂದಿಯಲ್ಲಿ. ಬೆನ್ನಿನ ಚರ್ಮ ನನ್ನ ಅಂಗೈ ಅಗಲಕ್ಕೆ ಕಿತ್ತು ಮಡಚಿಕೊಂಡಿತ್ತು. ಕಣ್ಣು ಅರೆ ಮುಚ್ಚಿತ್ತು. ನಮ್ಮತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಎಂತ ನೋಡ್ತಾ ನಿಂತೆ, ಮಸಾಲೆ ಹುರಿ" ಅಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಗಾಯವಾದ ಕೋಳಿಗೆ ಇರುವ ಔಷಧಿ ಸಾರೊಂದೇ. ಆದರೆ ಕೆಂಚಿ ಚೆನ್ನಾಗಿ ಕಾವು ಕೂತು, ಮರಿಗಳನ್ನು ಹದ್ದಿನಿಂದ ಕಾಪಾಡಿ ದೊಡ್ಡ ಮಾಡುವ ಹ್ಯಾಟೆ. ಅಂಥದ್ದು ದುಡ್ಡು ಕೊಟ್ಟರೆ ಸಿಗುವುದಿಲ್ಲ. ಬದುಕಿಸಲು ಹೊರಟೆ. ಬದುಕಿತು.

ಅದಕ್ಕೆ ಮೊದಲು ನಾನು ಕೊಂದದ್ದೂ ಇದೆ. ಹರಿದದ್ದು ಕಂಡರೆ ನನ್ನ ಕೈ ಸೂಜಿ ಹುಡುಕುತ್ತದೆ, ಕಸುಬಿನ ದೋಷ. ಕೆಂಚಿಗಿಂತ ಎರಡು ವರ್ಷ ಮುಂಚೆ ಬೂದು ಬಣ್ಣದ ಹ್ಯಾಟೆಯೊಂದನ್ನು ನಾಯಿ ಕಚ್ಚಿತ್ತು. ಸೂಜಿ ಕುದಿಸಿ, ಹೊಸ ದಾರ ಪೋಣಿಸಿ, ಐದು ಹೊಲಿಗೆ ಹಾಕಿದೆ. ನೋಡಲು ಬಹಳ ಚೆಂದ ಇತ್ತು. ನಾಲ್ಕನೇ ದಿನ ಸತ್ತಿತು. ಹೊಲಿಗೆ ಬಿಚ್ಚಿದರೆ ಒಳಗೆಲ್ಲ ಕೊಳೆತ ವಾಸನೆ. ದನದ ಡಾಕ್ಟರು ಆಮೇಲೆ ಹೇಳಿದರು: ನಾಯಿಯ ಹಲ್ಲು ಹೊರಗಿನ ಕೊಳೆಯನ್ನು ಮಾಂಸದ ಒಳಕ್ಕೆ ತಳ್ಳಿರುತ್ತದೆ, ಮೇಲಿಂದ ಹೊಲಿದರೆ ಅದನ್ನು ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ಹೊಲಿಗೆ ಬೇಕೋ ಬೇಡವೋ ಎಂದು ನೋಡುವುದು ಡಾಕ್ಟರ ಕೆಲಸ. ಮನೆಯಲ್ಲಿ ಗಾಯವನ್ನು ತೆರೆದೇ ಇಟ್ಟು ಚೊಕ್ಕ ಮಾಡುತ್ತಾ ಹೋದರೆ ಒಳಗಿನಿಂದ ತಾನಾಗಿ ತುಂಬಿಕೊಂಡು ಬರುತ್ತದೆ.

ಮೊದಲು ಹಿಡಿಯುವ ರೀತಿ. ಗಾಬರಿಯಲ್ಲಿ ನಾವು ಕೋಳಿಯನ್ನು ಎದೆಗೆ ಅವುಚಿಕೊಳ್ಳುತ್ತೇವೆ. ಹಾಗೆ ಮಾಡಬೇಡಿ. ನಮಗೆ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಕೋಳಿಗೆ ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅದಕ್ಕೆ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಉಸಿರು ಕಟ್ಟುತ್ತದೆ. ಟವೆಲ್ ಹೊದಿಸಿ, ರೆಕ್ಕೆ ಮೈಗೆ ಸೇರಿಸಿ, ಕೆಳಗಿನಿಂದ ಅಂಗೈ ಕೊಟ್ಟು ಎತ್ತಿ. ಕಣ್ಣು ಮುಚ್ಚುವ ಹಾಗೆ ಟವೆಲ್ ಎಳೆದರೆ ಅರ್ಧ ಗಲಾಟೆ ನಿಲ್ಲುತ್ತದೆ. ನಾಯಿ ಕಚ್ಚಿದ್ದಾದರೆ ಪುಕ್ಕದ ಮೇಲೆ ಅದರ ಜೊಲ್ಲು ಇರುತ್ತದೆ. ನಿಮ್ಮ ಕೈಯಲ್ಲಿ ಗೀರು ಗಾಯ ಇದ್ದರೂ ಇಲ್ಲದಿದ್ದರೂ ಗ್ಲೌಸ್ ಹಾಕಿ, ಮುಗಿದ ಮೇಲೆ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ.

ರಕ್ತ ಹರಿಯುತ್ತಿದ್ದರೆ ಅದೇ ಮೊದಲ ಕೆಲಸ. ಒಂದೂಕಾಲು ಕೆಜಿ ಕೋಳಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದು ಸಣ್ಣ ಕಾಫಿ ಲೋಟದಷ್ಟು. ಸ್ವಲ್ಪ ಅಂತ ನಮಗೆ ಕಾಣುವುದು ಅದಕ್ಕೆ ಜಾಸ್ತಿ. ಚೊಕ್ಕ ಹತ್ತಿ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುವೆ ಎತ್ತಿ ನೋಡಬೇಡಿ, ಎತ್ತಿದರೆ ಮತ್ತೆ ಶುರು. ಜುಟ್ಟು ಹರಿದರೂ ಹೀಗೆಯೇ. ಉಗುರೋ ಕೊಕ್ಕಿನ ತುದಿಯೋ ಮುರಿದು ರಕ್ತ ಬರುತ್ತಿದ್ದರೆ ಒಂದು ಚಿಟಿಕೆ ಮೈದಾ ಅಥವಾ ಕಾರ್ನ್‌ಫ್ಲೋರ್ ಒತ್ತಿದರೆ ಸಾಕು.

ರಕ್ತ ನಿಂತ ಮೇಲೆ ಗಾಯ ತೊಳೆಯಲು ಕೈ ತವಕಿಸುತ್ತದೆ. ತಡೆಯಿರಿ. ಎಷ್ಟೋ ಕೋಳಿಗಳು ಗಾಯದಿಂದ ಸಾಯುವುದಿಲ್ಲ, ಆ ಹೆದರಿಕೆಯ ಹೊಡೆತಕ್ಕೆ ಸಾಯುತ್ತವೆ. ಆ ಹೊತ್ತಿನಲ್ಲಿ ತಣ್ಣೀರು ಸುರಿದು, ಹೊರಳಿಸಿ, ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದರೆ ಇನ್ನೂ ಬೇಗ. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ಕೆಳಗೆ ಹಳೇ ಕಾಟನ್ ಸೀರೆ ಹಾಸಿ, ಅದರೊಳಗೆ ಬಿಡಿ. ಬಿಳಿ ಅಥವಾ ತೆಳು ಬಣ್ಣದ ಸೀರೆಯಾದರೆ ಒಳ್ಳೆಯದು, ರಕ್ತವೂ ಹಿಕ್ಕೆಯೂ ಕಣ್ಣಿಗೆ ಬೀಳುತ್ತವೆ. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆ, ಅದು ಬೇಡ.

ಪೆಟ್ಟಿಗೆ ಬೆಚ್ಚಗಿರಬೇಕು. ಕೋಳಿಯ ಮೈ ಸುಮ್ನೆ ಇದ್ದಾಗಲೇ 41 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ನಮಗೆ ಜೋರು ಜ್ವರ ಅನ್ನುವಷ್ಟು ಬಿಸಿ ಅದಕ್ಕೆ ಮಾಮೂಲು. ಗಾಯವಾದಾಗ ಆ ಬಿಸಿ ಇಳಿಯುತ್ತದೆ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ 40 ವ್ಯಾಟಿನ ಬಲ್ಬು ತೂಗಿಸಿ, ಸೆಕೆಯಾದರೆ ಅದು ಇನ್ನೊಂದು ಬದಿಗೆ ಸರಿಯಲಿ. ನಮ್ಮೂರಲ್ಲಿ ಆಷಾಢದಲ್ಲಿ ಕರೆಂಟು ನೆಂಟರ ಹಾಗೆ, ಬಂದರೆ ಬಂತು. ಅದಕ್ಕೆ ನಾನು ಎರಡು ಬಾಟಲಿಗೆ ಬಿಸಿನೀರು ತುಂಬಿ, ಲೈನಿಂಗ್ ಬಟ್ಟೆ ಸುತ್ತಿ ಅಕ್ಕಪಕ್ಕ ಇಡುತ್ತೇನೆ. ಹಂಡೆ ಒಲೆ ಬೆಚ್ಚಗಿದೆ ಅಂತ ಬಚ್ಚಲಲ್ಲಿ ಇಡಬೇಡಿ. ಹಕ್ಕಿಗಳ ಉಸಿರಿನ ಚೀಲಗಳು ಬಹಳ ನಾಜೂಕು, ಹೊಗೆ ತಡೆಯುವುದಿಲ್ಲ. ಇನ್ನು ಉಳಿದ ಕೋಳಿಗಳಿಗೆ ಕಾಣದ ಕಡೆ ಇಡುವುದು ಮರೆಯಬೇಡಿ. ಕೆಂಪು ಕಂಡರೆ ಒಡಹುಟ್ಟಿದವೇ ಕುಕ್ಕಿ ಕುಕ್ಕಿ ತಿನ್ನುತ್ತವೆ. ಕೋಳಿಗಳ ವಿಷಯದಲ್ಲಿ ನನಗೆ ಇಷ್ಟವಾಗದ ಗುಣ ಇದೊಂದೇ.

ಒಂದು ಗಂಟೆ ಬಿಡಿ. ಅಷ್ಟರಲ್ಲಿ ನೀರು ಕುದಿಸಿ ಆರಿಸಿ.

ಗಾಯ ತೊಳೆಯುವುದು

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪುಡಿ ಉಪ್ಪು 9 ಗ್ರಾಂ, ಅಂದರೆ ಮಟ್ಟಸವಾಗಿ ಒಂದೂವರೆ ಟೀ ಚಮಚ. ಇದು ಆಸ್ಪತ್ರೆಯ ಸಲೈನ್‌ನಷ್ಟೇ ಉಪ್ಪು, ಉರಿಯುವುದಿಲ್ಲ. ನೀರು ಉಗುರು ಬೆಚ್ಚಗಿರಲಿ. ಸೂಜಿ ಇಲ್ಲದ 20 ಎಂಎಲ್ ಸಿರಿಂಜು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದರಲ್ಲಿ ಎಳೆದು ಗಾಯಕ್ಕೆ ಚಿಮ್ಮಿಸಿ. ಉಜ್ಜಬೇಡಿ. ಮಣ್ಣು, ಪುಕ್ಕದ ಚೂರು ಎಲ್ಲ ಹೋಗುವವರೆಗೂ ಚಿಮ್ಮಿಸುತ್ತಲೇ ಇರಬೇಕು. ಕೆಂಚಿಗೆ ಮೊದಲ ದಿನ ಆ ಒಂದು ಲೀಟರ್ ಪೂರ್ತಿ ಮುಗಿಯಿತು. ಮೈಯೆಲ್ಲ ನೆನೆಸಬಾರದು, ಗಾಯ ಮಾತ್ರ.

ಸುತ್ತಲಿನ ಪುಕ್ಕವನ್ನು ಕೀಳದೆ ಕತ್ತರಿಸಿ. ದಾರ ಕತ್ತರಿಸುವ ಸಣ್ಣ ಕತ್ತರಿ ಸರಿಯಾಗುತ್ತದೆ. ಆಗಷ್ಟೇ ಹುಟ್ಟುತ್ತಿರುವ, ಬುಡ ನೀಲಿಗಟ್ಟಿರುವ ಎಳೆ ಪುಕ್ಕ ಮಾತ್ರ ಮುಟ್ಟಬೇಡಿ, ಅದರೊಳಗೆ ರಕ್ತ ಹರಿಯುತ್ತಿರುತ್ತದೆ. ಕೊನೆಗೆ ಬೆಟಾಡಿನ್ ದ್ರಾವಣವನ್ನು ನೀರಿಗೆ ಹಾಕಿ, ತೆಳು ಟೀ ಬಣ್ಣಕ್ಕೆ ಬಂದ ಮೇಲೆ ಅದನ್ನೂ ಒಮ್ಮೆ ಸುರಿಯಿರಿ. ದಿನಕ್ಕೆ ಎರಡು ಸಲ ಇಷ್ಟೇ ಕೆಲಸ.

ಹಾಕಬಾರದ್ದರ ಪಟ್ಟಿ ಉದ್ದ ಇದೆ, ಯಾಕೆಂದರೆ ಅವನ್ನೆಲ್ಲ ಯಾರಾದರೊಬ್ಬರು ನನಗೆ ಹೇಳಿದ್ದಾರೆ. ಸೀಮೆಎಣ್ಣೆ, ಫಿನಾಯಿಲ್, ಸುಣ್ಣ, ಡೆಟಾಲ್, ಸ್ಪಿರಿಟ್, ಕಾಫಿ ಪುಡಿ. ಅರಿಸಿನದ ಬಗ್ಗೆ ಮಾತ್ರ ನನಗೂ ಅತ್ತೆಗೂ ಇವತ್ತಿಗೂ ಜಗಳ. ಜುಟ್ಟಿನ ಮೇಲಿನ ಗೀರಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಸಿನ ನಾನೂ ಹಚ್ಚುತ್ತೇನೆ. ಆಳದ ಗಾಯಕ್ಕೆ ತುಂಬಬೇಡಿ ಅನ್ನುತ್ತೇನೆ. ಮೇಲೆ ಗಟ್ಟಿ ಹೊಪ್ಪಳೆ ಕಟ್ಟಿ ಒಳಗೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಜೇನುತುಪ್ಪ ಗಾಯಕ್ಕೆ ನಿಜವಾಗಿ ಒಳ್ಳೆಯದು. ಹಚ್ಚಿದೆ. ಮರುದಿನ ಬೆಳಿಗ್ಗೆ ಪೆಟ್ಟಿಗೆಗೆ ಇರುವೆ ಸಾಲು. ಹಚ್ಚುವುದಾದರೆ ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ.

ಕೋಳಿಗೆ ನಮ್ಮ ಹಾಗೆ ಕೀವು ಸೋರುವುದಿಲ್ಲ. ಗಟ್ಟಿ ಗಿಣ್ಣಿನ ಚೂರಿನ ಹಾಗೆ ಹಳದಿ ಮುದ್ದೆ ಕಟ್ಟುತ್ತದೆ. ಇದು ಗೊತ್ತಿಲ್ಲದೆ ಕೀವೇ ಇಲ್ಲ, ವಾಸಿಯಾಗುತ್ತಿದೆ ಎಂದು ನಾನು ಖುಷಿ ಪಟ್ಟದ್ದುಂಟು. ಅಂಥ ಮುದ್ದೆ, ಕೆಟ್ಟ ವಾಸನೆ, ಗಾಯದ ಅಂಚು ಕಪ್ಪು ಹಸಿರಾಗುವುದು, ಇವು ಕಂಡರೆ ಡಾಕ್ಟರಿಗೆ ತೋರಿಸಲೇಬೇಕು.

ದೊಡ್ಡ ಗಾಯಕ್ಕಿಂತ ನನಗೆ ಸಣ್ಣ ತೂತುಗಳದ್ದೇ ಭಯ. ಬೆಕ್ಕು ಕಚ್ಚಿದರೆ ಸೂಜಿ ಚುಚ್ಚಿದಷ್ಟೇ ಗುರುತು. ಆದರೆ ಅದರ ಹಲ್ಲಿನ ಕೊಳೆ ಒಳಗೆ ಆಳಕ್ಕೆ ಹೋಗಿರುತ್ತದೆ. ಮುಂಗುಸಿಯದ್ದು ಕುತ್ತಿಗೆಯ ಹತ್ತಿರ, ಗಿಡುಗನ ಉಗುರು ಬೆನ್ನಿನ ಎರಡು ಕಡೆ. ಪುಕ್ಕವನ್ನು ಒದ್ದೆ ಬೆರಳಿನಿಂದ ಬಿಡಿಸಿ ಬಿಡಿಸಿ ಹುಡುಕಬೇಕು, ರೆಕ್ಕೆಯ ಕೆಳಗೂ. ಅಲ್ಲಿ ಹುಂಜದ ಮುಳ್ಳು ತಾಗಿ ಹರಿದದ್ದೂ ಎಷ್ಟೋ ಸಲ ಸಿಗುತ್ತದೆ. ಚರ್ಮದ ಕೆಳಗೆ ಗಾಳಿ ತುಂಬಿ, ಒತ್ತಿದರೆ ಚರಚರ ಅಂದರೆ ಉಸಿರಿನ ಚೀಲಕ್ಕೆ ಪೆಟ್ಟಾಗಿದೆ. ಕುತ್ತಿಗೆಯ ಬುಡದಲ್ಲಿ ಮೇವಿನ ಚೀಲ ಹರಿದಿದ್ದರೆ ತಿಂದ ಅಕ್ಕಿ ಗಾಯದಿಂದಲೇ ಹೊರಗೆ ಬರುತ್ತದೆ. ಇವು ಮನೆಮದ್ದಿನ ಕೆಲಸಗಳಲ್ಲ. ಕಚ್ಚಿದ ತೂತು ಇದ್ದರೆ ಅದೇ ದಿನ, ತಪ್ಪಿದರೆ ಮರುದಿನ ಬೆಳಿಗ್ಗೆ ದನದ ಆಸ್ಪತ್ರೆಗೆ ಹೋಗಿ. ದನಕರುಗಳ ಸಹಾಯವಾಣಿ 1962ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕೋಳಿ ತಗೊಂಡು ಬಂದಳಲ್ಲ ಅಂತ ಒಂದು ಸಲ ಸಾಲಿನಲ್ಲಿದ್ದವರು ನಕ್ಕರು. ನಗಲಿ.

ಮಳೆಗಾಲದ ದೊಡ್ಡ ಶತ್ರು ನೊಣ. ಗಾಯದ ಮೇಲೆ ಅದು ಇಟ್ಟ ಮೊಟ್ಟೆ ಒಂದು ದಿನದೊಳಗೇ ಹುಳ ಆಗುತ್ತದೆ. ಪುಕ್ಕದ ಬುಡದಲ್ಲಿ ಬಿಳಿ ರವೆ ಅಂಟಿದ ಹಾಗೆ ಕಂಡರೆ ಅದೇ ಮೊಟ್ಟೆ, ಆಗಲೇ ಬಾಚಿ ತೆಗೆಯಿರಿ. ಹುಳ ಆಗಿದ್ದರೆ ಚಿಮಟದಲ್ಲಿ ಒಂದೊಂದಾಗಿ ಕೀಳಬೇಕು, ಬೇರೆ ದಾರಿ ಇಲ್ಲ. ದನಕ್ಕೆ ಹಾಕುವ ಟರ್ಪೆಂಟೈನ್ ಕೋಳಿಗೆ ಹಾಕಬೇಡಿ. ನಾನು ಹಳೇ ಸೊಳ್ಳೆ ಪರದೆ ಕತ್ತರಿಸಿ, ಸುತ್ತ ಇಲಾಸ್ಟಿಕ್ ಕೊಟ್ಟು, ಪೆಟ್ಟಿಗೆಗೆ ಒಂದು ಟೋಪಿ ಹೊಲಿದೆ. ಹತ್ತು ನಿಮಿಷದ ಕೆಲಸ. ಕೆಂಚಿಗೆ ಒಂದು ಹುಳವೂ ಆಗಲಿಲ್ಲ.

ನೀರು, ಆಮೇಲೆ ಮೇವು

ಕೋಳಿಯ ಬಾಯಿ ಬಿಡಿಸಿ ನೋಡಿದ್ದೀರಾ? ನಾಲಿಗೆಯ ಬುಡದಲ್ಲೇ ಉಸಿರಿನ ಕೊಳವೆಯ ಬಾಯಿ ಇದೆ. ಬಾಯಿ ತೆರೆದು ಚಮಚದಲ್ಲಿ ನೀರು ಹೊಯ್ದರೆ ನೇರ ಅಲ್ಲಿಗೆ. ಒಂದು ಮರಿಯನ್ನು ನಾನೇ ಹೀಗೆ ಪ್ರೀತಿಯಿಂದ ಕೊಂದಿದ್ದೇನೆ. ತಲೆ ಎತ್ತಲಾಗದ ಕೋಳಿಗೆ ನೀರು ಹಾಕಲೇಬೇಡಿ. ಎತ್ತುತ್ತಿದ್ದರೆ ಕೊಕ್ಕಿನ ಪಕ್ಕಕ್ಕೆ ಒಂದು ಹನಿ ತಾಗಿಸಿ, ಅದೇ ನುಂಗಲಿ. ನುಂಗಿದ ಮೇಲೆ ಇನ್ನೊಂದು ಹನಿ. ಮೊದಲ ದಿನ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ನೀರಿಗೆ ಕಲಸಿ ಕೊಡಿ. ಮರುದಿನಕ್ಕೆ ಹೊಸದಾಗಿ ಕಲಸಿ.

ಮೊದಲ ಅರ್ಧ ದಿನ ತಿನ್ನದಿದ್ದರೆ ಚಿಂತೆ ಬೇಡ. ಆಮೇಲೆ ಮೆತ್ತಗಿನದ್ದು ಕೊಡಿ: ಬೆಂದ ಅನ್ನ, ರಾಗಿ ಅಂಬಲಿ, ಮರಿಗಳಿಗೆ ಕೊಡುವ ಸ್ಟಾರ್ಟರ್ ಮೇವು ನೀರಲ್ಲಿ ನೆನೆಸಿದ್ದು. ಎಲ್ಲಕ್ಕಿಂತ ಒಳ್ಳೆಯದು ಬೇಯಿಸಿ ಪುಡಿ ಮಾಡಿದ ಮೊಟ್ಟೆ. ಹೊಸ ಚರ್ಮ, ಹೊಸ ಪುಕ್ಕ ಎರಡಕ್ಕೂ ಪ್ರೋಟೀನ್ ಬೇಕು. "ಕೋಳಿಗೆ ಕೋಳಿ ಮೊಟ್ಟೆಯಾ, ಎಂಥ ಕಾಲ ಬಂತು" ಅಂತ ಅತ್ತೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ತಿನ್ನುತ್ತಿದೆಯೋ ಇಲ್ಲವೋ ಎಂದು ತಟ್ಟೆ ನೋಡಿ ತೀರ್ಮಾನಿಸಬೇಡಿ, ಕುಕ್ಕಿ ಚೆಲ್ಲಾಡಿರುತ್ತದೆ. ರಾತ್ರಿ ಕುತ್ತಿಗೆ ಬುಡದ ಚೀಲ ಮುಟ್ಟಿ ನೋಡಿ, ಉಬ್ಬಿರಬೇಕು. ಬೆಳಿಗ್ಗೆ ಅದು ಖಾಲಿಯಾಗಿರಬೇಕು. ಹಿಕ್ಕೆ ಚೂರೇಚೂರು, ಕಡು ಹಸಿರು ಇದ್ದರೆ ಹೊಟ್ಟೆಯಲ್ಲಿ ಏನೂ ಇಲ್ಲ ಎಂದು ಅರ್ಥ. ಅಡುಗೆ ಮನೆಯ ತಕ್ಕಡಿಯಲ್ಲಿ ದಿನಾ ತೂಗುವುದು ಇನ್ನೂ ಒಳ್ಳೆಯದು. ಕೆಂಚಿ 1,350 ಗ್ರಾಂ ಇದ್ದದ್ದು ಐದನೇ ದಿನಕ್ಕೆ 1,140ಕ್ಕೆ ಇಳಿಯಿತು. ಆರನೇ ದಿನ 1,150. ಆ ಹತ್ತು ಗ್ರಾಂ ನೋಡಿ ನಾನು ಮಿಷನ್ನಿಗೆ ಕೂತು ಒಂದು ಬ್ಲೌಸಿನ ತೋಳು ಉಲ್ಟಾ ಹೊಲಿದೆ.

ನೋವಿಗೆ ಮನೆಯಲ್ಲಿರುವ ಮಾತ್ರೆ ಕೊಡುವ ಯೋಚನೆ ಬಂದರೆ ಬಿಟ್ಟುಬಿಡಿ. ಡೈಕ್ಲೋಫೆನಾಕ್ ಅಂತೂ ಹಕ್ಕಿಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಆ ಔಷಧಿ ಕೊಟ್ಟ ದನಗಳ ಹೆಣ ತಿಂದೇ ನಮ್ಮ ದೇಶದ ರಣಹದ್ದುಗಳು ಸತ್ತು ಬರಿದಾದವು, 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನೇ ನಿಷೇಧಿಸಿದರು. ನೋವಿನ ಮದ್ದು, ಆಂಟಿಬಯಾಟಿಕ್ ಎರಡನ್ನೂ ಡಾಕ್ಟರು ತೂಕ ನೋಡಿ ಹೇಳಲಿ. ಔಷಧಿ ಶುರು ಮಾಡಿದ ಮೇಲೆ ಅವರು ಹೇಳಿದಷ್ಟು ದಿನ ಮೊಟ್ಟೆ ತಿನ್ನುವಂತಿಲ್ಲ, ಸಾರೂ ಮಾಡುವಂತಿಲ್ಲ. ಸಾರೋ ಶುಶ್ರೂಷೆಯೋ ಎಂದು ಮೊದಲ ದಿನವೇ ತೀರ್ಮಾನ ಮಾಡಿಕೊಳ್ಳಿ ಅನ್ನುವುದು ಅದಕ್ಕೇ. ಕರುಳು ಹೊರಗೆ ಬಂದಿದ್ದರೆ, ಬೆನ್ನು ಮುರಿದು ಎರಡೂ ಕಾಲು ಸತ್ತಿದ್ದರೆ ನಾನೂ ಎಳೆದಾಡುವುದಿಲ್ಲ. ನಮ್ಮನೆಯವರನ್ನು ಕರೆಯುತ್ತೇನೆ, ನಾನು ಒಳಗೆ ಹೋಗುತ್ತೇನೆ.

ಕಾಲು ಮುರಿದರೆ

ಹಿಂದಿನವರು ಬಿದಿರಿನ ಸೀಳು ಕಟ್ಟುತ್ತಿದ್ದರು. ನಾನು ಅಡಕೆ ಹಾಳೆ ಕಟ್ಟುತ್ತೇನೆ. ನೆನೆಸಿದ ಹಾಳೆಯನ್ನು ಕಾಲಿನ ಉದ್ದಕ್ಕೆ ಕತ್ತರಿಸಿ ಸುತ್ತಲೂ ಬಗ್ಗಿಸಿದರೆ ಒಣಗಿದ ಮೇಲೆ ಅದೇ ಆಕಾರಕ್ಕೆ ಗಟ್ಟಿಯಾಗುತ್ತದೆ. ಮೊದಲು ಇನ್ನೊಂದು, ಚೆನ್ನಾಗಿರುವ ಕಾಲಿನ ಮೇಲೆ ಅಳತೆ ಮಾಡಿ ಒಣಗಿಸಿಟ್ಟುಕೊಂಡರೆ ಮುರಿದ ಕಾಲಿಗೆ ನೋವಾಗುವುದಿಲ್ಲ. ಒಳಗೆ ಹತ್ತಿ ಇಟ್ಟು, ಮೇಲೆ ಅಂಟು ಬ್ಯಾಂಡೇಜು ಸುತ್ತಿ. ಬೆರಳು ತಣ್ಣಗಾದರೆ, ಊದಿದರೆ ಬಿಗಿ ಜಾಸ್ತಿಯಾಗಿದೆ, ಕೂಡಲೇ ಬಿಚ್ಚಿ ಕಟ್ಟಿ. ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಸುಮಾರು ಮೂರು ವಾರ ಸಾಕು. ಇದು ಪುಕ್ಕ ಇಲ್ಲದ ಕೆಳಗಿನ ಕಾಲಿಗೆ ಮಾತ್ರ. ತೊಡೆ ಮುರಿದರೆ, ಮೂಳೆ ಚರ್ಮ ಸೀಳಿ ಹೊರಗೆ ಬಂದರೆ ಡಾಕ್ಟರು. ನಾಟಿ ಕೋಳಿ ಹಗುರ, ಒಂಟಿ ಕಾಲಲ್ಲೂ ಸಂಭಾಳಿಸುತ್ತದೆ. ಗಿರಿರಾಜದಂಥ ಭಾರದ ಕೋಳಿಗೆ ಇನ್ನೊಂದು ಕಾಲಿಗೂ ಪೆಟ್ಟು ಬೀಳುತ್ತದೆ, ಕೆಳಗೆ ದಪ್ಪ ಹಾಸಿ.

ಮರಿಗಳ ಕಾಲಿಗೆ ಕೂದಲು, ನೈಲಾನ್ ದಾರ ಸುತ್ತಿಕೊಳ್ಳುವುದು ಟೈಲರ್ ಮನೆಯಲ್ಲಿ ಕೇಳಬೇಕೆ. ಕುಂಟುವ ಮರಿ ಕಂಡರೆ ಮೊದಲು ಬೆರಳ ಸಂದಿ ನೋಡಿ. ಹುಟ್ಟಿದ ಮರಿಯ ಕಾಲು ಎರಡು ಕಡೆ ಜಾರಿ ಅಗಲಿದ್ದರೆ ಒಂದು ಬ್ಯಾಂಡ್‌ಏಡ್ ಪಟ್ಟಿಯಿಂದ ಎರಡು ಕಾಲನ್ನೂ ನಿಲ್ಲುವಷ್ಟು ಅಂತರಕ್ಕೆ ಜೋಡಿಸಿ. ಮೊದಲ ಎರಡು ಮೂರು ದಿನದಲ್ಲೇ ಕಟ್ಟಿದರೆ ಸರಿಹೋಗುತ್ತದೆ. ನುಣುಪು ಪೇಪರ್ ಬಿಟ್ಟು ಗೋಣಿ ಹಾಸಿ.

ಕುತ್ತಿಗೆ ತಿರುಚಿಕೊಂಡು, ಬಾಯಿ ಬಿಟ್ಟು ಉಸಿರಾಡುತ್ತಾ, ಹಸಿರು ನೀರು ಬೇಧಿ ಮಾಡುತ್ತಿದ್ದರೆ ಅದು ಪೆಟ್ಟಲ್ಲ, ಕೊಕ್ಕರೆ ರೋಗ ಇರಬಹುದು. ಅದಕ್ಕೆ ಈ ಯಾವುದೂ ನಡೆಯುವುದಿಲ್ಲ. ದೂರ ಇಟ್ಟು ಆಸ್ಪತ್ರೆಗೆ ತಿಳಿಸಿ, ಉಳಿದವಕ್ಕೆ ಲಸಿಕೆಯ ವಿಚಾರ ಕೇಳಿ.

ಗುಂಪಿಗೆ ವಾಪಸ್

ಕೆಂಚಿಯ ಗಾಯ ಮುಚ್ಚಿಕೊಳ್ಳಲು 26 ದಿನ ಹಿಡಿಯಿತು. ಮೊದಲು ಕೆಂಪು ಹರಳಿನ ಹಾಗೆ ಮಾಂಸ ತುಂಬಿತು, ಆಮೇಲೆ ಅಂಚಿನಿಂದ ಚರ್ಮ ಒಳಗೆ ಬಂತು, ಕೊನೆಗೆ ಮುಳ್ಳು ಮುಳ್ಳಾಗಿ ಪುಕ್ಕ. ಕೊನೆಯ ವಾರ ಪಂಜರವನ್ನೇ ಹಿತ್ತಲಲ್ಲಿ ಇಟ್ಟೆ, ಉಳಿದವು ನೋಡಿ ಅಭ್ಯಾಸ ಮಾಡಿಕೊಳ್ಳಲಿ ಎಂದು. ತಿಂಗಳು ಕಾಣದ ಕೋಳಿ ಅವುಗಳ ಪಾಲಿಗೆ ಹೊಸ ಸೊಸೆ, ಕುಕ್ಕದೇ ಬಿಡುವುದಿಲ್ಲ. ಹಗಲಲ್ಲಿ ಬಿಡಬೇಡಿ. ಕತ್ತಲಾಗಿ ಎಲ್ಲವೂ ಕೂತ ಮೇಲೆ ಮೆಲ್ಲಗೆ ಪಕ್ಕದಲ್ಲಿ ಕೂರಿಸಿ. ಬೆಳಿಗ್ಗೆ ಬೇಗ ಎದ್ದು ಒಂದು ಗಂಟೆ ಅಲ್ಲೇ ನಿಲ್ಲಿ.

ಹ್ಯಾಟೆಗಳು ಎರಡು ದಿನದಲ್ಲಿ ಸುಮ್ಮನಾದವು. ಹುಂಜ ಬಿಡಲಿಲ್ಲ. ಹೊಸ ಚರ್ಮದ ಮೇಲೆಯೇ ಹತ್ತಿ ಉಗುರು ಊರುತ್ತಿತ್ತು. ಸೂಜಿ ದಾರಕ್ಕೆ ಕೊನೆಗೂ ಕೆಲಸ ಸಿಕ್ಕಿದ್ದು ಇಲ್ಲಿ. ಕೆಂಚಿಯ ಬೆನ್ನು ಮುಚ್ಚಲು, ಕುದುರೆಗೆ ಹಾಕುವ ಹಾಗೆ, ಒಂದು ಜೀನು ಹೊಲಿದೆ. ಏಳು ಇಂಚು ಉದ್ದ, ಆರು ಇಂಚು ಅಗಲದ ಹತ್ತಿ ಬಟ್ಟೆ, ಎರಡು ಪದರ. ಕುತ್ತಿಗೆ ಕಡೆ ಕಿರಿದು ಮಾಡಿ, ಎರಡು ಬದಿಗೂ ಇಲಾಸ್ಟಿಕ್ಕಿನ ಕುಣಿಕೆ. ರೆಕ್ಕೆಯ ಬುಡಕ್ಕೆ ಹಾಕಿದರೆ ಒಂದು ಬೆರಳು ಸಲೀಸಾಗಿ ಆಡಬೇಕು, ಅಷ್ಟು ಸಡಿಲ. ಹಸಿ ಗಾಯದ ಮೇಲೆ ಇದನ್ನು ಹಾಕಬಾರದು, ಒದ್ದೆಯಾದರೆ ತೆಗೆದು ಒಣಗಿದ್ದು ಹಾಕಬೇಕು. ಅದಕ್ಕೆ ಎರಡು ಹೊಲಿದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಬಿಚ್ಚಿ ಕೆಳಗೆ ಹೇನು ಸೇರಿದೆಯಾ ನೋಡಿ. ಬಣ್ಣ ಮಾತ್ರ ಕೆಂಪು ಬೇಡ. ನಾನು ಯಾರದೋ ರೇಷ್ಮೆ ಬ್ಲೌಸಿಗೆ ತಂದು ಉಳಿದಿದ್ದ ಹಸಿರು ಲೈನಿಂಗಿನಲ್ಲಿ ಹೊಲಿದೆ.